ತೆರಿಗೆ ಕಟ್ಟದ ಆಯಿಗೆ ಎಂಥ ವಿನಾಯಿತಿ?



ನಮ್ಮ ಕಮಲನಗರ ಕಡೆ ಮಳೆ ಹಿಡಿದ್ರೆ ಮೊದಲು ಸೋರೋದು ಮುದುಕರಿರೋ ಮನಿ. ಮಕ್ಕಳು ಹೈದರಾಬಾದ್, ಪುಣೆಗೆ ದುಡಿಯಲಿಕ್ಕೆ ಹೋಗ್ಯಾರ. ಆಯಿ ಒಬ್ಬಾಕೆ. ತಲೆ ಮೇಲೆ ಪತ್ರಾ, ಕೈಯಲ್ಲಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ.

"ಮನಿ ಯೋಜನೆ ಐತಲ್ಲ" ಅಂತೀರಿ. ಐತ್ರಿ. ಬಾಬಾಸಾಹೇಬರ ಹೆಸರಿನ ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಹಳ್ಳಿಗೆ 1.75 ಲಕ್ಷ. ಆದರೆ ಅದು ಬರೋದು ಕಂತಿನಲ್ಲಿ. ಪಾಯ ಹಾಕಿ ಫೋಟೋ ತೆಗೆಸಿದ ಮೇಲೆ ಮೊದಲ ಕಂತು, ಆಮೇಲೆ ಲಿಂಟಲ್, ಛಾವಣಿ. ಎಪ್ಪತ್ತರ ಆಯಿಗೆ ಪಾಯದ ದುಡ್ಡು ಯಾರು ಸಾಲ ಕೊಡ್ತಾರ?

ಆ ಕಡೆ ನೋಡ್ರಿ. 2016ರ ಬಜೆಟ್ 80-ಐಬಿಎ ಅನ್ನೋ ಕಲಂ ತಂತು. ಅಗ್ಗದ ಮನೆ ಕಟ್ಟುವ ಬಿಲ್ಡರ್‌ಗಳ ಲಾಭಕ್ಕೆ ನೂರಕ್ಕೆ ನೂರು ವಿನಾಯಿತಿ, 2022ರ ಮಾರ್ಚ್‌ವರೆಗೆ ಮಂಜೂರಾದ ಪ್ರಾಜೆಕ್ಟ್‌ಗಳಿಗೆ. ಬಿಟ್ಟುಕೊಟ್ಟ ತೆರಿಗೆಯೂ ಸರ್ಕಾರದ ದುಡ್ಡೇ. ಅದಕ್ಕೆ ಯಾರಾದರೂ "ಬಿಟ್ಟಿ ಭಾಗ್ಯ" ಅಂದ್ರಾ? ಅಮೆರಿಕದಲ್ಲಿ 1986ರಿಂದ ತೆರಿಗೆ ಕ್ರೆಡಿಟ್ ತಗೊಂಡ ಬಿಲ್ಡರ್ ವರ್ಷಗಟ್ಟಲೆ ಬಡವರಿಗೆ ಕಡಿಮೆ ಬಾಡಿಗೆಗೆ ಮನೆ ಕೊಡಲೇಬೇಕು. ಅದರಲ್ಲಿ ಎಷ್ಟೋ ಮನೆ ವೃದ್ಧರಿಗೇ ಮೀಸಲು.

2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದು 150 ಜನರ ವೃದ್ಧಾಶ್ರಮದ ಮಾತಾಡ್ತದ. ಓಣಿ ಬಿಟ್ಟು ಆಯಿ ಅಲ್ಲಿಗೆ ಹೋಗಲ್ಲರಿ. ಓಣಿ ಹತ್ತಿರ ಪಾಳು ಬಿದ್ದ ಸರ್ಕಾರಿ ಕಟ್ಟಡ ಇದ್ದರೆ ಅದನ್ನೇ ರಿಪೇರಿ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಡ್ರಿ, 2013ರ ಎಸ್‌ಸಿಎಸ್‌ಪಿ ಕಾಯ್ದೆಯ ಹಣದಲ್ಲಿ. ಅದೂ ಆಗಲ್ಲ ಅಂದ್ರೆ 65 ದಾಟಿದವರಿಗೆ ಪಾಯದ ಕಂತು ಮುಂಗಡ ಕೊಡ್ರಿ.

ಮುಂದಿನ ಗ್ರಾಮಸಭೆಗೆ ನಾನು ಅರ್ಜಿ ತರ್ತೀನಿ. ನೀವು ನಿಮ್ಮ ಆಯಿ, ಮುತ್ಯಾನ ಕರ್ಕೊಂಡು ಬರ್ರಿ.