ಫೋನಿಗೆ ಮುಪ್ಪು, ನಮಗೆ ಮಂಕು!

ಡೊಂಬಿವಲಿ ನಿಲ್ದಾಣ, ಎದುರಿಗೆ ಟಿ.ಸಿ. ನಮ್ಮ ಮೊಬೈಲಿನಲ್ಲಿ ಟಿಕೆಟು ತೆರೆಯುತ್ತಲೇ ಇಲ್ಲ. ರಾತ್ರಿ ಮಾಡಿದ 'ಅಪ್‌ಡೇಟ್'ನ ಪ್ರಸಾದ! "ಹೊಸದು ಕೊಳ್ಳಿ" ಎಂಬುದು ಅಂಗಡಿಯವನ ಉಪದೇಶ.

ಏಕೆ ಕೊಳ್ಳಬೇಕು? ಅಪ್‌ಡೇಟಾದ ಒಂದೆರಡು ದಿನ ಫೋನು ಒಳಗೊಳಗೇ ಆಪ್‌ಗಳನ್ನೂ ಚಿತ್ರಗಳನ್ನೂ ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳುತ್ತಿರುತ್ತದೆ, ತಾಳೋಣ. ಆಮೇಲೂ ನಿಧಾನವೇ? ಬೇಡದ ವಿಡಿಯೋ, ಆಪ್ ಅಳಿಸೋಣ; ಒಮ್ಮೆ ಆರಿಸಿ ಹಚ್ಚೋಣ; ಬ್ಯಾಟರಿ ಪರೀಕ್ಷಿಸೋಣ.

ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದಾಗಿ ಆಪಲ್ 2017ರಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ತಿಳಿಸದ ತಪ್ಪಿಗೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ವಿಧಿಸಿತು. ದೂರು ಕೊಟ್ಟದ್ದು ಅಲ್ಲಿನ ಒಂದು ಸಂಘ!

ನಾವೋ, ಗೊಣಗುತ್ತಾ ಹೊಸ ಫೋನಿನ ಕಂತು ಕಟ್ಟುತ್ತೇವೆ. ಬಂಧುಗಳೇ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕೇಳದಿದ್ದರೆ ಕೊಡುವವರಾರು?