ಕುಸಿಯೋದು ಸೆಂಟ್ರಿಂಗ್, ದೂರು ಮಾತ್ರ ಸಿಮೆಂಟಿನ ಮೇಲೆ
ಕಾಂಕ್ರೀಟ್ ಹಾಕುವಾಗಲೇ ಛಾವಣಿ ಕುಸಿದರೆ ಎಲ್ಲರೂ ಕೇಳೋದು ಸಿಮೆಂಟ್ ಕಳಪೆಯೇ ಅಂತ. ನಾನು ಕೇಳೋದು ಬೇರೆ: ಕಂಬಗಳಿಗೆ ಓರೆಪಟ್ಟಿ ಹೊಡೆದಿದ್ದರಾ?

ಹಸಿ ಕಾಂಕ್ರೀಟಿಗೆ ಸ್ವಂತ ಬಲವಿಲ್ಲ. 6 ಇಂಚಿನ ಸ್ಲ್ಯಾಬು ಚದರ ಮೀಟರಿಗೆ ಸುಮಾರು 380 ಕಿಲೊ ತೂಗುತ್ತೆ. ಹೊರೋದು ನೀಲಗಿರಿ ಕಂಬ. ಕಂಬದ ಎತ್ತರ ಎರಡು ಪಟ್ಟಾದರೆ ಬಾಗದೆ ಹೊರುವ ಶಕ್ತಿ ಕಾಲು ಭಾಗಕ್ಕಿಳಿಯುತ್ತೆ. ಸಮುದಾಯ ಭವನ, ಪೋರ್ಟಿಕೊಗಳಲ್ಲಿ ಅಪಾಯ ಹೆಚ್ಚೋದು ಇದಕ್ಕೇ. ನಡುಮಟ್ಟದಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿ ಬಿಗಿದರೆ ಆ ಶಕ್ತಿ ಮರಳುತ್ತೆ. ಆದರೆ ಓರೆಪಟ್ಟಿ ಇಲ್ಲದಿದ್ದರೆ ಕಂಬಗಳೆಲ್ಲ ಒಟ್ಟಿಗೇ ವಾಲುತ್ತವೆ.

ಐಎಸ್ 14687 ಮಾರ್ಗಸೂಚಿ 1999ರಿಂದಲೇ ಇದೆ. ಆದರೂ ಸೆಂಟ್ರಿಂಗ್ ಹೆಚ್ಚಾಗಿ ಮೇಸ್ತ್ರಿಯ ಅಂದಾಜಿಗೇ ಬಿಟ್ಟ ಕೆಲಸ. ಕಬ್ಬಿಣ ನೋಡಿ ಸಹಿ ಹಾಕುವ ಎಂಜಿನಿಯರ್ ಕೆಳಗಿಳಿದು ಕಂಬಗಳನ್ನೂ ನೋಡಿ ಸಹಿ ಹಾಕಲಿ. ಅಲ್ಲಿವರೆಗೆ ಒಂದು ಬಾಂಡ್ಲಿ ಕಾಂಕ್ರೀಟೂ ಮೇಲೇರಬಾರದು.