ಬಿಸಿಲಿಗೆ ಬಗ್ಗದ ಕಾಶಿ ಕಣಗಿಲೆ

ಏಪ್ರಿಲ್ ಬಂತೆಂದರೆ ಬಯಲುಸೀಮೆಯಲ್ಲಿ ಕುಡಿಯುವ ನೀರಿಗೇ ಪರದಾಟ. ಇನ್ನು ಹೂಗಿಡಗಳಿಗೆ ನೀರು ಎಲ್ಲಿಂದ ತರುವುದು? ಗುಲಾಬಿ ಸೊರಗುತ್ತದೆ, ಡೇಲಿಯಾ ಅದಕ್ಕೂ ಮೊದಲೇ ಒಣಗಿರುತ್ತದೆ. ಅಂಥ ಅಂಗಳದಲ್ಲೂ ಕಾಂಪೌಂಡಿನ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ನಸುಗೆಂಪು ಅಥವಾ ಬಿಳಿಯ ಐದೆಸಳಿನ ಹೂ ಹೊತ್ತು ನಿಲ್ಲುವ ಗಿಡ ಕಾಶಿ ಕಣಗಿಲೆ. ವರ್ಷವಿಡೀ ಹೂ ಬಿಡುವುದರಿಂದ ನಿತ್ಯಪುಷ್ಪ ಎಂಬ ಹೆಸರೂ ಇದೆ.

ಹೆಸರಿನಲ್ಲಿ ಕಾಶಿ ಇದ್ದರೂ ಇದರ ತವರು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ಸಸ್ಯಶಾಸ್ತ್ರದಲ್ಲಿ ಇದು ಕ್ಯಾಥರಾಂಥಸ್ ರೋಸಿಯಸ್. ಕಣಗಿಲೆಯ ಕುಟುಂಬಕ್ಕೇ ಸೇರಿದ್ದು. ಎಲೆ ಮುರಿದರೆ ಹಾಲು ಒಸರುತ್ತದೆ. ಎಲೆಯ ಮೇಲಿನ ಮೇಣದ ಹೊಳಪು ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. ನೆಲ ಒಣಗಿದಾಗ ಪತ್ರರಂಧ್ರಗಳು ಮುಚ್ಚಿಕೊಂಡು ಗಿಡ ಇದ್ದ ನೀರಿನಲ್ಲೇ ದಿನ ದೂಡುತ್ತದೆ.

ಈ ಗಿಡ ಸಾಯುವುದು ಬರದಿಂದಲ್ಲ, ಹೆಚ್ಚಾದ ನೀರಿನಿಂದ. ಬೇರಿಗೂ ಉಸಿರಾಟ ಉಂಟು. ಮಣ್ಣಿನ ಸಂದುಗಳಲ್ಲಿ ಸದಾ ನೀರು ನಿಂತರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ, ಬುಡ ಕಪ್ಪಾಗುತ್ತದೆ, ಎಲೆ ಜೋಲುತ್ತದೆ. ಬಾಯಾರಿದೆಯೆಂದು ಭಾವಿಸಿ ಮತ್ತೊಂದು ಚೊಂಬು ನೀರು ಸುರಿದರೆ ಗಿಡದ ಕಥೆ ಮುಗಿಯಿತು. ಎಲೆ ಜೋತಾಗ ಮೊದಲು ಬೆರಳಿನಿಂದ ಮಣ್ಣು ಕೆದಕಿ ನೋಡಬೇಕು. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಬೆಳಗಿನ ಹೊತ್ತೂ ಬಾಡಿದ್ದು ಮಣ್ಣು ಒಣಗಿದ್ದರೆ ಮಾತ್ರ ನೀರು ಬೇಕು. ಮಣ್ಣು ಹಸಿಯಾಗಿದ್ದೂ ಬಾಡಿದ್ದರೆ ಅದು ಕೊಳೆರೋಗ.

ಬೆಳೆಸುವುದು ಸುಲಭ. ಕಾಯಿ ಹಸಿರು ಬಿಟ್ಟು ಹಳದಿಗೆ ತಿರುಗಿದಾಗಲೇ ಬಿಡಿಸಿಕೊಳ್ಳಬೇಕು. ತಡವಾದರೆ ಒಡೆದು ಸಣ್ಣ ಕರಿಬೀಜಗಳು ಚೆಲ್ಲಿಹೋಗುತ್ತವೆ. ಈ ಬೀಜ ಮೊಳೆಯಲು ಕತ್ತಲು ಬೇಕು. ಆದ್ದರಿಂದ ಬಿತ್ತಿದ ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು. ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಸಸಿ ಎರಡು ಮೂರು ಅಂಗುಲ ಎತ್ತರವಾದಾಗ ಒಂದಡಿ ಅಂತರದಲ್ಲಿ ನೆಡಬಹುದು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ನೆರಳಿನಲ್ಲಿ ಗಿಡ ಉದ್ದುದ್ದ ಬೆಳೆದು ಹೂ ಕಡಿಮೆಯಾಗುತ್ತದೆ. ಎರೆಮಣ್ಣಾದರೆ ಮರಳು ಬೆರೆಸಿ ಮಡಿಯನ್ನು ಏರಿಸಿಕೊಳ್ಳುವುದು ಲೇಸು. ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಸಾಕು. ಗೊಬ್ಬರ ಅತಿಯಾದರೆ ಎಲೆಯೇ ಹೆಚ್ಚುತ್ತದೆ. ಮೊದಲ ತಿಂಗಳು ಬೇರೂರುವವರೆಗೆ ನೀರು ಕೊಟ್ಟು, ಆಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹನಿಸಿದರೆ ಆಯಿತು. ಕುಂಡದಲ್ಲಿದ್ದರೆ ಮಣ್ಣು ಬೇಗ ಒಣಗುವುದರಿಂದ ಇನ್ನಷ್ಟು ಬೇಕಾದೀತು. ಕುಡಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ.

ಈ ಗಿಡಕ್ಕೆ ದನ, ಮೇಕೆಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೇಲಿಯಿಲ್ಲದ ಅಂಗಳಕ್ಕೆ ಇದೊಂದು ಅನುಕೂಲ. ಕಾರಣ ಅದರಲ್ಲಿರುವ ಕಹಿ ಆಲ್ಕಲಾಯ್ಡ್‌ಗಳು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿದವು. ಈ ಸುಳಿವಿನಿಂದ ವಿನ್‌ಬ್ಲಾಸ್ಟಿನ್ ದೊರೆಯಿತು. ಅದೂ, ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಎಂಬುದೂ ಜೀವಕೋಶಗಳ ವಿಭಜನೆಯನ್ನು ತಡೆಯುವ ಕ್ಯಾನ್ಸರ್ ಔಷಧಗಳು. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯವಾದುದು.

ಹಾಗೆಂದು ಸಕ್ಕರೆ ಇಳಿಯುತ್ತದೆಂದು ಬರಿಹೊಟ್ಟೆಯಲ್ಲಿ ಇದರ ಎಲೆ ಅಗಿಯುವುದು ಅಪಾಯ. ಇವು ಶುದ್ಧೀಕರಿಸಿ, ಅಳೆದು, ವೈದ್ಯರು ರಕ್ತನಾಳಕ್ಕೇ ಕೊಡುವ ಔಷಧಗಳು; ಪ್ರಮಾಣ ಮೀರಿದರೆ ನರಗಳಿಗೂ ರಕ್ತ ಹುಟ್ಟುವ ಮಜ್ಜೆಗೂ ಪೆಟ್ಟು. ಒಂದೊಂದು ಎಲೆಯಲ್ಲಿ ಎಷ್ಟಿದೆಯೆಂದು ಅಡುಗೆಮನೆಯಲ್ಲಿ ತಿಳಿಯುವ ಬಗೆಯಿಲ್ಲ. ಸವರಿದ ಕೊಂಬೆಗಳನ್ನು ದನಗಳ ಮೇವಿನೊಂದಿಗೆ ಸೇರಿಸಲೂ ಬಾರದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅವರ ಕೈಗೆ ಎಟುಕದಂತೆ ನೆಟ್ಟು, ಹೂವಿನ ಅಂದವನ್ನಷ್ಟೇ ಸವಿಯುವುದು ಒಳ್ಳೆಯದು.